ಟೈಲರಕ್ಕ ಅರ್ಧಕ್ಕೆ ಒಪ್ಪಲಿಲ್ಲ

ನಲವತ್ತೆರಡು ಕಿಲೋಮೀಟರಿನ ಓಟಕ್ಕೆ ಇನ್ನು ಮೂರೇ ವಾರ. ಐವತ್ತೊಂದು ತುಂಬಿದ ಮೇಲೆ ಟೈಲರಕ್ಕನಿಗೆ ಈ ಹುಚ್ಚು ಯಾಕೆ ಹತ್ತಿತು ಅಂತ ಬೀದಿಯವರೆಲ್ಲ ಕೇಳಿದ್ದಾಯಿತು.

"ಇಪ್ಪತ್ತೆಂಟು ವರ್ಷ ಮೆಷಿನ್ ತುಳಿದೆ. ಅಷ್ಟು ತುಳಿದರೂ ಒಂದು ಗೇಣು ಮುಂದೆ ಹೋಗಲಿಲ್ಲ. ಈಗ ಹೋಗ್ತೀನಿ, ನಿಮಗೇನು ಕಷ್ಟ?"

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಳತೆಗೆ ಬಂದವರು ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಅವಳು ಟೇಪು ಹಿಡಿದು ಸುಮ್ಮನೆ ಕಾಯುವಳು. "ಉಸಿರು ಬಿಡಿ. ಎಷ್ಟು ಹೊತ್ತು ಹಿಡ್ಕೊಂಡಿರ್ತೀರಿ? ಇರೋ ಮೈಗೆ ಹೊಲಿಯೋಣ, ಬರೋ ವರ್ಷದ ಮೈಗೆ ಬೇಡ."

ಊರಿಗೆಲ್ಲ ಇಷ್ಟು ಹೇಳುವವಳು ತನ್ನ ಓಟದ ಪ್ಯಾಂಟನ್ನು ಮಾತ್ರ ಎರಡಿಂಚು ಬಿಗಿಯಾಗಿ ಹೊಲಿದುಕೊಂಡಳು. ಓಡಿ ಓಡಿ ಮೈ ಇಳಿದೇ ಇಳಿಯುತ್ತದಲ್ಲ! ಮೈ ಇಳಿಯಲಿಲ್ಲ.

ಆ ಭಾನುವಾರ ಮೂವತ್ತು ಕಿಲೋಮೀಟರಿನ ಅಭ್ಯಾಸ. ಓಟ ಕಲಿಸುವ ಕೋಚ್ ಮೊದಲೇ ಹೇಳಿದ್ದ: ಐದು ಗಂಟೆಯೊಳಗೆ ಮುಗಿಸದವರು ಪೂರ್ತಿ ಓಟದ ಆಸೆ ಬಿಟ್ಟು ಅರ್ಧ ಓಟಕ್ಕೆ ಹೆಸರು ಬದಲಾಯಿಸಿಕೊಳ್ಳುವುದು ಒಳ್ಳೆಯದು.

ಇಪ್ಪತ್ತನೇ ಕಿಲೋಮೀಟರಿಗೆ ಒಳತೊಡೆ ಉರಿಯತೊಡಗಿತು. ಇಪ್ಪತ್ತನಾಲ್ಕಕ್ಕೆ ಬಟ್ಟೆಗೆ ರಕ್ತ ಬಂತು. ಮೊದಲು ಕೋಚ್ ಮೇಲೆ ಸಿಟ್ಟು ಬಂತು, ಆಮೇಲೆ ರಸ್ತೆಯ ಮೇಲೆ. ಕೊನೆಗೆ ಬಾಗಿಲು ಹಾಕಿದ್ದ ಯಾವುದೋ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಹಿಂದೆಯೇ ನೀರು ಹಿಡಿದು ಸ್ಕೂಟರಿನಲ್ಲಿ ಬರುತ್ತಿದ್ದ ಮಗಳು ಗಾಡಿ ನಿಲ್ಲಿಸಿ ಓಡಿ ಬಂದಳು.

"ಅಮ್ಮಾ, ರಕ್ತ! ಸಾಕು, ಸ್ಕೂಟರ್ ಹತ್ತು. ತಲೆ ತಿರುಗ್ತಿದೆಯಾ? ನಂಜಾದರೆ ಏನು ಗತಿ? ಯಾರು ಹೇಳಿದ್ರು ನಿನಗೆ ಇದೆಲ್ಲ ಮಾಡು ಅಂತ?"

"ಮೊದಲು ಒಂದು ಪಿನ್ನು ಕೊಡು."

"ಪಿನ್ನಾ? ಯಾಕೆ?"

"ಹೊಲಿಗೆ ಬಿಚ್ಚಬೇಕು. ಎರಡಿಂಚು ಸುಳ್ಳು ಹೊಲಿದಿದ್ದೀನಿ."

ಪಿನ್ನಿನ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿ ಒಂದು ಗೇಣು ಬಿಚ್ಚಿದಳು. ಮೇಲೆ ಉದ್ದನೆಯ ಅಂಗಿ ಇತ್ತು, ಮಾನಕ್ಕೇನೂ ಕೊರತೆಯಾಗಲಿಲ್ಲ. ಗಾಯದ ಮೇಲೆ ಮಗಳ ಕರ್ಚೀಫು ಕಟ್ಟಿ ಎದ್ದಳು. ಓಡಲು ನೋಡಿದಳು, ಆಗಲಿಲ್ಲ. ಸರಿ, ಇವತ್ತಿನ ಮೈ ಇಷ್ಟೇ. ನಡೆದಳು. ಅಭ್ಯಾಸಕ್ಕೆ ಬಂದಿದ್ದ ಕಾಲೇಜಿನ ಹುಡುಗಿಯರು ದಾಟಿ ಹೋದರು, ಹೋಗಲಿ ಎಂದು ಬಿಟ್ಟಳು. ಉಳಿದ ಆರು ಕಿಲೋಮೀಟರನ್ನೂ ನಡೆದೇ ಮುಗಿಸಿದಾಗ ಐದು ಗಂಟೆ ದಾಟಿ ಇಪ್ಪತ್ತು ನಿಮಿಷವಾಗಿತ್ತು.

ಕೋಚ್ ಪಟ್ಟಿ ಹಿಡಿದು ನಿಂತಿದ್ದ. ಮೂವತ್ತರ ಹುಡುಗ, ಒಳ್ಳೆಯವನೇ. "ಅಕ್ಕಾ, ಅರ್ಧಕ್ಕೆ ಬರೆಯಲಾ?"

"ಆಗಿದ್ದನ್ನ ಬರಿ. ಇಪ್ಪತ್ತು ನಿಮಿಷ ತಡ, ಆರು ಕಿಲೋಮೀಟರು ನಡಿಗೆ. ಒಂದು ನಿಮಿಷವೂ ಬಿಡಬೇಡ. ಹೆಸರು ಮಾತ್ರ ಎಲ್ಲಿದೆಯೋ ಅಲ್ಲೇ ಇರಲಿ."

"ಓಟದ ದಿನ ಶುರುವಾಗಿ ಏಳು ಗಂಟೆ ಆದ್ಮೇಲೆ ರಸ್ತೆನ ಗಾಡಿಗಳಿಗೆ ಬಿಟ್ಟುಬಿಡ್ತಾರೆ ಅಕ್ಕಾ. ಹಿಂದುಳಿದೋರನ್ನ ವ್ಯಾನಿಗೆ ಹತ್ತಿಸ್ಕೋತಾರೆ."

"ಹತ್ತೋರು ಹತ್ತಲಿ. ನಾನು ಫುಟ್‌ಪಾತ್ ಮೇಲೆ ಬರ್ತೀನಿ. ಅದಕ್ಕೆ ಯಾರ ಟೈಮೂ ಇಲ್ಲ."

"ತಡವಾದ್ರೆ ಮೆಡಲ್ ಕೊಡಲ್ವಂತೆ ಅಮ್ಮಾ," ಮಗಳು ಮೆಲ್ಲಗೆ ರಾಗ ಎಳೆದಳು.

"ಬೇಡ ಬಿಡು. ಕುತ್ತಿಗೆಗೆ ಟೇಪು ಹಾಕ್ಕೊಂಡೇ ಸಾಕಾಗಿದೆ."

ಕೋಚ್ ನಕ್ಕ. ಅವಳು ನಗಲಿಲ್ಲ. ಅವನು ಅವಳ ಹೆಸರಿನ ಮುಂದೆ 5:20 ಎಂದು ಬರೆದು, ಬೇರೇನೂ ತಿದ್ದದೆ ಪೆನ್ನು ಜೇಬಿಗಿಡುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ಆಮೇಲೆ "ಅಯ್ಯಯ್ಯೋ" ಎಂದು ಎಲ್ಲರಿಗೂ ಕೇಳುವ ಹಾಗೆ ನರಳುತ್ತಾ ಸ್ಕೂಟರ್ ಹತ್ತಿದಳು.