ಗಿರಣಿಯ ಪಾಳಿ

ಕೊಂಡಾಪುರದಲ್ಲಿ ಬೀದರಿನವನೊಬ್ಬನ ಹಿಟ್ಟಿನ ಗಿರಣಿಗೆ ಸಾಹುಕಾರರೊಬ್ಬರು ದೊಡ್ಡ ಕಾರಿನಲ್ಲಿ ಬರುತ್ತಿದ್ದರು. ಜೀಡಿಮೆಟ್ಲಾದಲ್ಲಿ ಸ್ವಂತ ಕಾರ್ಖಾನೆಯಂತೆ. ಜೋಳದ ಡಬ್ಬಿ ಮಾತ್ರ ತಾವೇ ಹೊತ್ತು ತರುತ್ತಿದ್ದರು. ಯಾರು ಏನಂದರೂ "ನಡೀತೈತ್ರಿ" ಎನ್ನುತ್ತಿದ್ದರು.

ಒಂದು ಭಾನುವಾರ, ಯಾರದೋ ಗೋಧಿ ಬೀಸಿ ಮುಗಿದೊಡನೆ, ಜೋಳ ಹಿಡಿದು ಮುಂದೆ ನಿಂತಿದ್ದ ನನ್ನನ್ನು ದಾಟಿ ತಮ್ಮ ಜೋಳ ಸುರಿದುಬಿಟ್ಟರು.

"ದುಡ್ಡಿದ್ದವ್ರೆಲ್ಲ ಹಿಂಗ! ನಿಮಗ ಪಾಳಿ ಇಲ್ಲೇನ್ರಿ?" ಎಂದು ಎಲ್ಲರೆದುರು ಕೂಗಾಡಿದೆ.

"ನಡೀತೈತ್ರಿ," ಎಂದು ಹಿಟ್ಟು ಹೊತ್ತು ಹೋದರು.

ಗಿರಣಿಯವನು ತಲೆ ಅಲ್ಲಾಡಿಸಿದ. "ಮಗಳಿಗೆ ಗೋಧಿ ಆಗಂಗಿಲ್ಲ ಅಂದ್ರಲ್ಲ ನೀವು, ಅವರು ಕೇಳಿಸ್ಕೊಂಡ್ರು. ಕಲ್ಲಿಗೆ ಹತ್ತಿದ್ದ ಗೋಧಿಹಿಟ್ಟೆಲ್ಲ ಅವರ ಡಬ್ಬಿಗೇ ಹೋತು."

ಬೈದದ್ದು ಎಲ್ಲರೆದುರು, ಕ್ಷಮೆಯೂ ಎಲ್ಲರೆದುರೇ ಎಂದು ನಿಶ್ಚಯಿಸಿದೆ. ಮರುವಾರ ಬೀಸಲು ಏನೂ ಇಲ್ಲದಿದ್ದರೂ ಗಿರಣಿಯಲ್ಲಿ ಕಾದು ನಿಂತು, "ತಪ್ಪಾತ್ರಿ ನಂದು," ಎಂದು ಗಟ್ಟಿಯಾಗಿ ಹೇಳಿದೆ.

"ನಡೀತೈತ್ರಿ," ಎಂದ ಅವರು ಡಬ್ಬಿ ಹೊತ್ತುಕೊಂಡು ಪಾಳಿಯ ಕೊನೆಗೆ ಹೋಗಿ ನಿಂತರು.