ಸುಣ್ಣ ಕಲಸಿದ ಹೆಪ್ಪು

ಹಾಲು ತಳ ಹಿಡಿದ ವಾಸನೆ ಬಂದರೆ ಇವತ್ತಿಗೂ ನನ್ನ ನಾಲಿಗೆಯ ಮೇಲೆ ಸುಣ್ಣದ ರುಚಿ ಏಳುತ್ತದೆ. ಆ ಸಂಜೆ ಸವಣೂರಿನ ನಮ್ಮ ಮನೆಯಲ್ಲಿ ನಾನು ಹೆಪ್ಪು ಹಾಕಲೆಂದು ಹಾಲು ಕಾಯಿಸುತ್ತಿದ್ದೆ. ಯುದ್ಧ ಮುಗಿದಿದ್ದರೂ ಸಕ್ಕರೆ, ಸೀಮೆಎಣ್ಣೆ ಇನ್ನೂ ಚೀಟಿಯ ಮೇಲೇ ಸಿಗುತ್ತಿದ್ದ ಕಾಲ. ಯಾರ ಚೀಟಿಯನ್ನೂ ಕೇಳದೆ ಎರಡು ಹೊತ್ತು ಹಾಲು ಕೊಡುತ್ತಿದ್ದುದು ನಮ್ಮ ಎಮ್ಮೆಯೊಂದೇ. ಪ್ರಾರ್ಥನೆಯಲ್ಲಿ ದೇವರ ಉಪಕಾರ ನೆನೆಯುವಾಗ ನಾನು ಅದನ್ನೇ ಮೊದಲು ಹೇಳುತ್ತಿದ್ದೆ. ಬಳೆ ಮಾರುವ ಗಂಗವ್ವ ಬುಟ್ಟಿ ಇಳಿಸಿ ಹೊಸ್ತಿಲ ಮೇಲೆ ಕುಂತಳು. ಅವಳು ನನ್ನ ತವರೂರು ಚಿಕ್ಕೇರೂರಿನವಳು. ಹಸಿರು ಬಳೆ ಇದ್ದರೆ ತೋರಿಸು ಎಂದೆ. "ಬಳಿ ಇಡಸಾಕ ಬಂದಿಲ್ಲವ್ವ," ಎಂದಳು. "ನಿಮ್ಮ ದೊಡ್ಡವ್ವ ಹ್ವಾದ್ಲು. ಮೊನ್ನಿ ಸೋಮಾರ." ನನ್ನೊಳಗೆ ಮೊದಲು ಎದ್ದದ್ದು ದುಃಖವಲ್ಲ. ಓದುವವರು ಏನಾದರೂ ತಿಳಿದುಕೊಳ್ಳಲಿ, ಕಡು ಬೇಸಿಗೆಯಲ್ಲಿ ಒಂದು ತಂಬಿಗೆ ತಣ್ಣೀರು ಗಂಟಲಲ್ಲಿ ಇಳಿದಂತಾಯಿತು. ಸೌಟು ಹಿಡಿದ ಕೈ ನಿಂತಿತು, ಹಾಲು ತಳ ಹಿಡಿಯಿತು. "ಇನ್ನೊಂದ ಮಾತು ಹೇಳೂದೈತಿ," ಎಂದು ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಮಾತು ಬರುವಷ್ಟರಲ್ಲಿ ನಾನು ಹತ್ತು ವರ್ಷದ ಹುಡುಗಿಯಾಗಿ ಚಿಕ್ಕೇರೂರಿನ ಹಿತ್ತಲಲ್ಲಿ ನಿಂತಿದ್ದೆ.

ಹೊರಗಿನಿಂದ ಅದು ಒಂದೇ ಮನೆ. ಒಳಗೆ ನಡುಗೋಡೆ ಹಾಕಿ ಅಣ್ಣತಮ್ಮಂದಿರು ಎರಡು ಮಾಡಿಕೊಂಡಿದ್ದರು. ಎರಡು ಬಾಗಿಲು, ಎರಡು ಒಲೆ, ಹಿತ್ತಲಲ್ಲಿ ಒಂದೇ ಬಾವಿ. ಬಾವಿಯ ಗಡಗಡಿ ರಾಟೆಯನ್ನು ಜಾಲಿ ಕಟ್ಟಿಗೆಯಲ್ಲಿ ಕಡೆದವನು ನನ್ನಪ್ಪ. ಅವನು ಬಡಿಗ, ಸುತ್ತಿನ ಊರಿನ ಒಕ್ಕಲಿಗರೆಲ್ಲ ಕೂರಿಗೆ, ಕುಂಟೆಗೆ ಅವನ ಹತ್ತಿರವೇ ಬರುತ್ತಿದ್ದರು. ನಮ್ಮ ಮನೆಯ ವಾಸನೆ ಎಂದರೆ ಹೊಸ ಕಟ್ಟಿಗೆಯ ಹೊಟ್ಟಿನ ವಾಸನೆ. ರೊಟ್ಟಿ ತಿನ್ನುವಾಗಲೂ ಅದು ಬಾಯಿಗೆ ಬರುತ್ತಿತ್ತು. ಗೋಡೆಯಾಚೆ ಅಪ್ಪನ ಅಣ್ಣನ ಹೆಂಡತಿ ದೊಡ್ಡವ್ವ, ಗಂಡ ಸತ್ತವಳು, ಮಕ್ಕಳಿಲ್ಲದವಳು. ನಾನು ನಡೆಯಲು ಕಲಿತದ್ದು ಅವಳ ಸೆರಗು ಹಿಡಿದು. ಮೊಸರಿನ ಗಡಿಗೆಯ ಕೆನೆಯನ್ನು ಬೆರಳಲ್ಲಿ ಬಳಿದು ನನ್ನ ಬಾಯಿಗಿಡುತ್ತ "ತಿನ್ನ ಮಾಳಿ, ನಿಮ್ಮವ್ವಗ ಹೇಳಬ್ಯಾಡ," ಎನ್ನುತ್ತಿದ್ದಳು. ಆಗ ನನ್ನ ಹೆಸರು ಮಾಳವ್ವ. ಅವ್ವ ಮದುವೆಯಾಗಿ ಬಂದ ದಿನ ಅವಳ ಒಲೆಗೆ ಮೊದಲ ಹೆಪ್ಪು ಕೊಟ್ಟವಳೂ ದೊಡ್ಡವ್ವನೇ. ಒಂದು ಮನೆಯ ಹೆಪ್ಪು ಕೆಟ್ಟರೆ ಇನ್ನೊಂದು ಮನೆಯಿಂದ ಬರುತ್ತಿತ್ತು. ಹಾಗೆ ಎರಡೂ ಗಡಿಗೆಗಳಲ್ಲಿ ನಮ್ಮ ಅಜ್ಜಿ ಹಾಕಿದ ಮೊಸರೇ ಜೀವದಿಂದಿತ್ತು. ಇಷ್ಟು ಪ್ರೀತಿ ಕಂಡದ್ದರಿಂದಲೇ ಮುಂದಿನದು ನನಗೆ ಮರೆಯಲಾಗಲಿಲ್ಲ. ಬೇರೆಯವರು ಮಾಡಿದ್ದರೆ ಮರೆಯುತ್ತಿದ್ದೆನೇನೋ.

ಒಂದು ವರ್ಷ ಕಟ್ಟಿಗೆ ಕೆತ್ತುವ ಬಾಚಿ ತಪ್ಪಿ ಅಪ್ಪನ ಮೊಣಕಾಲಿಗೆ ಬಿತ್ತು. ಗಾಯ ಕೀವಾಗಿ, ಬಂಡಿಯಲ್ಲಿ ಹಾಕಿಕೊಂಡು ಹಾನಗಲ್ಲಿನ ಕಡೆಯ ಮಿಶನ್ ದವಾಖಾನೆಗೆ ಒಯ್ದರು. ಮೂರು ತಿಂಗಳು ಅಲ್ಲಿದ್ದ. ಕಾಲು ಉಳಿಸಿಕೊಂಡು, ಓದಲು ಕಲಿತು, ಪ್ರಾರ್ಥನೆ ಮಾಡುವವನಾಗಿ ಮರಳಿದ. ಮರುವರ್ಷ ನಾವೆಲ್ಲ ದೀಕ್ಷಾಸ್ನಾನ ತೆಗೆದುಕೊಂಡೆವು. ಮಾಳವ್ವ ಮಾರ್ಥಾ ಆದಳು. ಹೊಸದಾಗಿ ಹುಟ್ಟಿದ ತಂಗಿಗೆ ಕೃಪಾ ಎಂದು ಹೆಸರಿಟ್ಟರು. ಮಿಶನ್ನಿನ ಉಪದೇಶಿಗಳು ಎಲೆಅಡಿಕೆ ಬಿಡಿಸಿದರು. ಅವ್ವನ ಸುಣ್ಣದ ಡಬ್ಬಿ ಗೋಡೆಯ ಮಾಡದಲ್ಲಿ ಹಾಗೇ ಉಳಿಯಿತು. ಊರು ಅಪ್ಪನಿಗೆ ಕೂರಿಗೆ ಮಾಡಿಸುವುದನ್ನು ನಿಲ್ಲಿಸಿತು. ಅವನು ಕಟ್ಟಿಗೆ ಕೊಯ್ಯುವ ಕೆಲಸಕ್ಕೆ ಹಾನಗಲ್ಲಿಗೆ ಹೋಗಿ ವಾರಕ್ಕೊಮ್ಮೆ ಬರುವವನಾದ. ದೊಡ್ಡವ್ವ ನಮ್ಮೊಡನೆ ಜಗಳವಾಡಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಬಾವಿಯ ಸುತ್ತ ಜಾಲಿಯ ಮುಳ್ಳುಕಂಟಿ. ಗಡಗಡಿಯೂ ಹಗ್ಗವೂ ಅವಳ ಪಡಸಾಲೆ ಸೇರಿದ್ದವು.

ಅವ್ವ ಬರಿಗೊಡ ಹಿಡಿದು ನಿಂತೇ ಇದ್ದಳು. "ಅಕ್ಕಾ, ಕುಡಿಯಾಕರ ಒಂದ ಕೊಡ."

"ನಾ ಯಾಕ ಕೊಡ್ಲಿ? ನಿಮ್ಮ ದೇವ್ರು ಕಲ್ಲು ಒಡದು ನೀರ ಕುಡಸ್ತಾನಂತಲ್ಲ. ಕೇಳ ಅವನ್ನ. ಹಿತ್ತಲದಾಗ ಬೇಕಾದಷ್ಟು ಕಲ್ಲ ಅದಾವು."

"ಕುಡಸ್ತಾನ ಅಕ್ಕಾ," ಎಂದಳು ಅವ್ವ. ಅಷ್ಟೇ. ನನಗೆ ದೊಡ್ಡವ್ವನಿಗಿಂತ ಅವ್ವನ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಅಂದಿನಿಂದ ಕೆರೆಯ ನೀರು. ಎಮ್ಮೆಗಳು ಬಿದ್ದುಕೊಳ್ಳುವ ಕೆರೆ. ಬೇಸಿಗೆಯಲ್ಲಿ ನಡುವೆ ಒಂದಿಷ್ಟು ಹಸಿರು ನೀರು ಉಳಿಯುತ್ತಿತ್ತು. ಅವ್ವ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸುತ್ತಿದ್ದಳು. ಸಂಜೆಯ ಪ್ರಾರ್ಥನೆಯಲ್ಲಿ ದಿನದ ಉಪಕಾರಗಳನ್ನು ಹೇಳುತ್ತಿದ್ದಳು: ಇವತ್ತು ಕೊಡ ಒಡೆಯಲಿಲ್ಲ, ಹಾದಿಯಲ್ಲಿ ಮೋಡದ ನೆರಳಿತ್ತು, ಆಡು ಒಂದು ಗುಟುಕು ಹಾಲು ಹೆಚ್ಚು ಕೊಟ್ಟಿತು. ನಾನು ಕಣ್ಣು ಮುಚ್ಚಿ ಗೋಡೆಯಾಚೆ ಗಡಗಡಿ ತಿರುಗುವ ಸದ್ದು ಕೇಳುತ್ತಿದ್ದೆ. ದೊಡ್ಡವ್ವ ತನಗೆ ಬೇಕಾದಾಗ ಅದನ್ನು ಕಟ್ಟಿಕೊಂಡು ನೀರು ಸೇದಿ ಮತ್ತೆ ಬಿಚ್ಚಿಡುತ್ತಿದ್ದಳು. ಅಪ್ಪ ಎಣ್ಣೆ ಹಾಕುತ್ತಿದ್ದಾಗ ಮೆತ್ತಗೆ ತಿರುಗುತ್ತಿದ್ದದ್ದು ಈಗ ಕಿರ್ರ್ ಎನ್ನುತ್ತಿತ್ತು.

ಆ ಬೇಸಿಗೆಯಲ್ಲೇ ಕೃಪಾಗೆ ವಾಂತಿಭೇದಿ ಹತ್ತಿತು. ಒಂದೂವರೆ ವರ್ಷದ ಕೂಸು. ಬೆಳಿಗ್ಗೆ ಆಡುತ್ತಿದ್ದವಳು ಮಧ್ಯಾಹ್ನಕ್ಕೆ ಕಣ್ಣು ಒಳಗೆ ಸೇರಿ ಮುದುಕಿಯ ಹಾಗೆ ಕಂಡಳು. "ನೀ, ನೀ" ಎಂದು ತುಟಿ ಆಡಿಸುತ್ತಿದ್ದಳು. ನೀರಿಗೆ ಅವಳು ಹಾಗೆ ಅನ್ನುತ್ತಿದ್ದಳು. ಅಪ್ಪ ಊರಲ್ಲಿರಲಿಲ್ಲ. ಕೆರೆಯ ನೀರು ಕೊಟ್ಟರೆ ಕೊಟ್ಟದ್ದೆಲ್ಲ ಹೊರಗೆ ಬರುತ್ತಿತ್ತು. ನಾನು ತಂಬಿಗೆ ಹಿಡಿದು ಹಿತ್ತಲಿಗೆ ಓಡಿದೆ, ಮುಳ್ಳಿನಾಚೆಯಿಂದ ಕೂಗಿದೆ. ದೊಡ್ಡವ್ವ ಹಿತ್ತಲ ಬಾಗಿಲಿಗೆ ಬಂದಳು. "ದೊಡ್ಡವ್ವಾ, ಒಂದ ತಂಬಗಿ. ಕೃಪಾಗ." ಅವಳು ನನ್ನನ್ನು ನೋಡಿದಳು, ತಂಬಿಗೆಯನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊತ್ತು ಮುಳುಗುವ ಮೊದಲೇ ಕೂಸು ಹೋಯಿತು. "ಕೊಟ್ಟಾಂವ ತಗೊಂಡ. ನಮ್ಮನ್ನ ಕೈ ಬಿಡೂದಿಲ್ಲ ಅಂವ," ಎಂದು ಅವ್ವ ಗೋಡೆಗೆ ತಲೆಯಿಟ್ಟು ಹೇಳಿದಳು. ನಾನು ಅಂದಿನಿಂದ ದಿನವೂ ದೊಡ್ಡವ್ವನ ಹೆಸರು ಹಿಡಿದು ಪ್ರಾರ್ಥನೆ ಮಾಡಿದೆ. ಅವಳು ಸಾಯಲಿ ಎಂದಲ್ಲ. ಬಾಯಾರಲಿ ಎಂದು.

ಮಳೆ ಹಿಡಿದ ಮೇಲೆ ದೊಡ್ಡವ್ವನ ಎಮ್ಮೆ ಕರು ಹಾಕಿತು. ಎಮ್ಮೆಯ ಹಾಲು ಬತ್ತಿದ್ದ ತಿಂಗಳುಗಳಲ್ಲಿ ಅವಳ ಹೆಪ್ಪು ಸತ್ತುಹೋಗಿತ್ತು. ಈದ ಎಮ್ಮೆಯ ಮೊದಲ ಮೊಸರು ಮನೆದೇವರಿಗೆ, ಅದನ್ನು ಪರರ ಮನೆಯ ಹೆಪ್ಪಿನಿಂದ ಮಾಡುವಂತಿಲ್ಲ ಎಂಬುದು ಆ ಮನೆಯ ಪದ್ಧತಿ. ಅಜ್ಜಿಯ ಹೆಪ್ಪು ಉಳಿದದ್ದು ನಮ್ಮ ಒಲೆಯ ಪಕ್ಕದಲ್ಲಿ ಮಾತ್ರ. ಅವ್ವ ಆಡಿನ ಹಾಲಿನಲ್ಲೇ ಅದನ್ನು ಬದುಕಿಸಿಕೊಂಡಿದ್ದಳು. ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಹೊರಗೆ ಕೊಡುವುದಿಲ್ಲವೆಂದು ಹೊತ್ತಿರುವಾಗಲೇ ದೊಡ್ಡವ್ವ ಗೋಡೆಯಾಚೆಯಿಂದ ಕೂಗಿದಳು.

"ಒಂದೀಟ ಹೆಪ್ಪ ಕೊಡ."

"ನಮ್ಮ ಕೈಯಾಂದು ಮೈಲಿಗಿ ಅಲ್ಲೇನ ದೊಡ್ಡವ್ವಾ?" ಎಂದೆ ನಾನು.

"ನಡು ಬಾಯಿ ಹಾಕಬ್ಯಾಡ ಮಾಳಿ. ಹೆಪ್ಪು ನಮ್ಮತ್ತಿದು. ಅದಕ್ಕ ಎಂಥಾ ಮೈಲಿಗಿ?"

ಅವ್ವ ಬಟ್ಟಲು ತುಂಬಿ ನನ್ನ ಕೈಗಿಟ್ಟಳು. "ಕೊಟ್ಟ ಬಾ. ಮುಯ್ಯಿ ತೀರಸೂದು ನಮ್ಮ ಕೆಲಸಲ್ಲ." ನಾನು ಮಾಡದಿಂದ ಸುಣ್ಣದ ಡಬ್ಬಿ ತೆಗೆದು, ಅಡಿಕೆಯಷ್ಟು ದೊಡ್ಡ ಉಂಡೆ ಸುಣ್ಣವನ್ನು ಹೆಪ್ಪಿಗೆ ಹಾಕಿ ಬೆರಳಲ್ಲಿ ಕಲಸಿದೆ. ಬಿಳಿಯಲ್ಲಿ ಬಿಳಿ ಕಾಣಲಿಲ್ಲ. ಬೆರಳು ನೆಕ್ಕಿ ನೋಡಿದೆ, ನಾಲಿಗೆ ಸುಟ್ಟಿತು. ಆ ರುಚಿಯೇ ಈಗಲೂ ಬರುವುದು.

ಮರುದಿನ ದೊಡ್ಡವ್ವನ ಗಡಿಗೆಯಲ್ಲಿ ಮೊಸರಿರಲಿಲ್ಲ. ವಾಸನೆ ಹೊಡೆಯುವ ಹಾಲಿತ್ತು. ಅವಳು ಮತ್ತೆ ಕೇಳಿದಳು, ಅವ್ವ ಮತ್ತೆ ಕೊಟ್ಟಳು, ನಾನು ಮತ್ತೆ ಕಲಸಿದೆ. ಮೂರನೆಯ ಸಂಜೆಯೂ ಹಾಗೇ. ಅದೇ ಹೆಪ್ಪಿನಿಂದ ನಮ್ಮ ಆಡಿನ ಹಾಲು ದಿನವೂ ಗಟ್ಟಿ ಮೊಸರಾಗುತ್ತಿತ್ತು. ನಾಲ್ಕನೆಯ ಬೆಳಿಗ್ಗೆ ಹಿತ್ತಲಲ್ಲಿ ಸದ್ದಾಯಿತು. ಹೋಗಿ ನೋಡಿದರೆ ದೊಡ್ಡವ್ವ ಬರಿಗೈಯಲ್ಲಿ ಮುಳ್ಳುಕಂಟಿ ಕಿತ್ತು ಎಸೆಯುತ್ತಿದ್ದಾಳೆ. ಅಂಗೈ ತುಂಬ ರಕ್ತ. ಗಡಗಡಿ ಕಟ್ಟಿ, ಹಗ್ಗ ಪೋಣಿಸಿ, ಮೊದಲ ಕೊಡವನ್ನು ತಾನೇ ಸೇದಿ ಅವ್ವನ ಮುಂದಿಟ್ಟಳು. "ನಿಮ್ಮ ದೇವ್ರಿಗೆ ಹೇಳವ್ವ, ಸಾಕು ಅನ್ನು. ಕೂಸಿನ ಸಿಟ್ಟ ನನ್ನ ಮನಿ ಹಾಲಿನ ಮ್ಯಾಲೆ ಕುಂತೈತಿ." ಅವ್ವ ಬಾವಿಯ ಪಕ್ಕದ ಕೆಸರಿನಲ್ಲೇ ಮೊಣಕಾಲೂರಿ ಅತ್ತಳು. ಅಂದಿನಿಂದ ಸಾಯುವವರೆಗೆ ಚರ್ಚಿನ ಪ್ರತಿ ಸುಗ್ಗಿಹಬ್ಬದಲ್ಲಿ ಸಭೆಯ ಮುಂದೆ ಎದ್ದು ನಿಂತು, ಕಷ್ಟಕಾಲದಲ್ಲಿ ನಂಬಿದವರಿಗೆ ದೇವರು ಮುಚ್ಚಿದ ಬಾವಿಯನ್ನು ತೆರೆದ ಎಂದು ಸಾಕ್ಷಿ ಹೇಳಿದಳು. ನಾನು ಹೆಂಗಸರ ಸಾಲಿನಲ್ಲಿ ಕುಂತು ನನ್ನ ಬೆರಳು ನೋಡಿಕೊಳ್ಳುತ್ತಿದ್ದೆ. ಅವಳಿಗೆ ಹೇಳಲಿಲ್ಲ. ದೇವರಿಗೆ ಗೊತ್ತಿತ್ತು, ನನ್ನ ಕೆಟ್ಟತನದಿಂದ ಅವ್ವನ ಕೊಡ ತುಂಬಿಸಿದ್ದು ಅವನೇ ಇರಬಹುದು. ಆದರೆ ಅದಕ್ಕೆ ಸುಣ್ಣ ಬೇಕಿದ್ದರೆ ಎರಡು ತಿಂಗಳು ಮೊದಲೇ, ಕೃಪಾ ಇರುವಾಗಲೇ, ಯಾಕೆ ಆಗಲಿಲ್ಲ ಎಂದು ಅವನನ್ನು ಈಗಲೂ ಕೇಳುತ್ತೇನೆ. ಅವನನ್ನು ಬಿಟ್ಟು ಬೇರೆ ಯಾರನ್ನು ಕೇಳಲಿ?

ನನ್ನ ಮುಯ್ಯಿ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಹೆಪ್ಪಿಗೆ ನಾನು ಸುಣ್ಣ ಹಾಕಲಿಲ್ಲ, ಅವಳ ಹಾಲು ಹೆಪ್ಪುಗಟ್ಟಿತು. ಆದರೂ ದೊಡ್ಡವ್ವನ ಹೆದರಿಕೆ ಹೋಗಲಿಲ್ಲ. ಅಂದಿನಿಂದ ನನ್ನನ್ನು ಮಾಳಿ ಎನ್ನುವುದನ್ನು ಬಿಟ್ಟು ಮಾರ್ಥಾ ಎಂದಳು. ಹೀರೇಕಾಯಿ ಹಿಡಿದರೆ ಮೊದಲ ಕಾಯಿ ನನ್ನ ಉಡಿಗೆ. ಕೊಡುತ್ತ ಮೆತ್ತಗೆ ಕೇಳುವಳು: "ಮಾರ್ಥಾ, ಸಿಟ್ಟ ಇಳಿದೈತೇನ ನಿಮ್ಮ ದೇವ್ರಿಗೆ?" ನಾನು ಕಾಯಿಯನ್ನು ಉಡಿಯಲ್ಲಿ ಕಟ್ಟಿಕೊಂಡು, "ಇನ್ನೂ ಇಳಿದಿಲ್ಲ ದೊಡ್ಡವ್ವಾ," ಎನ್ನುತ್ತಿದ್ದೆ. ಅವಳ ಮುಖ ಬಾಡುವುದನ್ನು ನೋಡಿ ಮನೆಗೆ ಬಂದು ಹೊಟ್ಟೆ ತುಂಬ ಉಣ್ಣುತ್ತಿದ್ದೆ. ನನ್ನ ಮದುವೆಯ ಬಂಡಿಯ ಗಾಲಿ ಹಿಡಿದು ನಿಂತು ಕೇಳಿದಾಗಲೂ ಅದೇ ಉತ್ತರ ಕೊಟ್ಟೆ. ಆಮೇಲೆ ಅಪ್ಪ ಹೋದ, ಅವ್ವ ಹೋದಳು. ನಮ್ಮ ಭಾಗದ ಮಾಡು ಕುಸಿದು, ನಡುಗೋಡೆ ಬಿದ್ದು, ಎರಡು ಮನೆ ಮತ್ತೆ ಒಂದಾಯಿತು. ಆ ಹಾಳಿನ ಒಂದು ಮೂಲೆಯಲ್ಲಿ ಅವಳೊಬ್ಬಳೇ ಉಳಿದಿದ್ದಳು. ನಿಮಗೂ ಇಂಥ ಒಂದು ಮನೆ ಇದ್ದೀತು. ಹೋಗಿ ನೋಡುವುದು ಬೇಡ ಅನ್ನಿಸುವ ಮನೆ. ನಾನು ಹೋಗಲಿಲ್ಲ.

ಗಂಗವ್ವ ಹೇಳಬೇಕಿದ್ದ ಮಾತು ಇದು: "ಮೂರ ದಿನ ಒಂದ ಸವನ ಅಂದ್ಲು. ಮಾಳಿನ್ನ ಕೇಳಕೊಂಡ ಬರ್ರಿ, ಸಿಟ್ಟ ಇಳಿದೈತೇನು ಅಂತ. ನಾ ಸವಣೂರಿಗೆ ಹೊಂಟೇನಿ ಅನ್ನೂದ್ರಾಗ ಜೀವ ಹ್ವಾತು."

ಮಾಳಿ ಎಂದಳಂತೆ, ಮಾರ್ಥಾ ಎನ್ನಲಿಲ್ಲ. ನಾನು ಒಲೆಯಿಂದ ಪಾತ್ರೆ ಇಳಿಸಿದೆ. "ಕಡೀಕ ಬಾಯಾಗ ನೀರ ಬಿಟ್ಟವರು ಯಾರು?" ಎಂದು ಕೇಳಿದೆ.

"ಯಾರಿದ್ರವ್ವ? ನಾನ ಬಿಟ್ಟೆ. ಅದ ಬಾವಿದು. ಒಳಗ ಇಳೀಲಿಲ್ಲ, ಕಟವಾಯಾಗಿಂದ ಹೊರಗ ಹರೀತು." ಆಮೇಲೆ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಹೋದಾಕಿಗೆ ಈಗೇನ ಗೊತ್ತಾಗೂದಿಲ್ಲ. ನನಗರ ಹೇಳ, ಇಳಿದೈತೇನು?" ಎಂದಳು.

"ದೇವ್ರಿಗೆ ಸಿಟ್ಟ ಬಂದಿದ್ದ ಇಲ್ಲ ಗಂಗವ್ವಾ. ಅದು ನಂದು," ಎಂದೆ. "ಇನ್ನೂ ಇಳಿದಿಲ್ಲ."

ಅವಳಿಗೆ ಏನು ತಿಳಿಯಿತೋ, ಬುಟ್ಟಿ ಎತ್ತಿಕೊಂಡಳು. ಬಿಸಿಲಲ್ಲಿ ನಡೆದು ಬಂದವಳು; ತಡೆದು ನಿಲ್ಲಿಸಿ ಒಂದು ತಂಬಿಗೆ ನೀರು ಕೊಟ್ಟೆ. ಕುಡಿದು, ಇನ್ನೊಂದು ಬೇಡಿ ಕುಡಿದು ಹೋದಳು. ಹೊರಗೆ ಬೆಳಕು ಇನ್ನೂ ಇತ್ತು. ತಳ ಹಿಡಿದದ್ದು ಅಲುಗದಂತೆ ಮೇಲಿನ ಹಾಲನ್ನು ಬೇರೆ ಗಡಿಗೆಗೆ ಬಗ್ಗಿಸಿದೆ. ಮುಕ್ಕಾಲು ಪಾಲು ಉಳಿದಿತ್ತು, ಅದೊಂದು ಉಪಕಾರ. ಕಿರುಬೆರಳು ಅದ್ದಿ ಬಿಸಿ ನೋಡಿದೆ. ಅವ್ವ ನನ್ನ ಮದುವೆಯಲ್ಲಿ ಕಟ್ಟಿಕೊಟ್ಟಿದ್ದ, ಅವ್ವನಿಗೆ ದೊಡ್ಡವ್ವ ಕೊಟ್ಟಿದ್ದ ಆ ಹೆಪ್ಪನ್ನು ಒಂದು ಚಮಚ ಹಾಕಿ ಕದಡಿದೆ, ತಟ್ಟೆ ಮುಚ್ಚಿ ಬೆಚ್ಚನೆಯ ಬೂದಿಯ ಪಕ್ಕಕ್ಕೆ ಸರಿಸಿದೆ.