ಐದು ಕಲ್ಲು, ಇಪ್ಪತ್ತನಾಲ್ಕು ನಿಮಿಷ

ನಾನು ಕೊಳ್ಳೇಗಾಲದ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದದ್ದು 1957ರಲ್ಲಿ. ಯಳಂದೂರಿನ ಶಾಲೆಯಲ್ಲಿ ಆಗ ಪ್ರಯೋಗದ ಸಾಮಾನು ಇರಲಿಲ್ಲ. ಪ್ರತಿ ನವೆಂಬರಿನಲ್ಲಿ ನಮ್ಮ ಬೀಕರು, ಬ್ಯೂರೆಟ್ಟುಗಳನ್ನು ಒಯ್ದು ಅಲ್ಲಿನ ಮಕ್ಕಳಿಗೆ ತೋರಿಸಿ ತರುತ್ತಿದ್ದೆ. ಮೊದಲ ವರ್ಷ ಬಸ್ಸಿನಲ್ಲಿ ಒಯ್ದೆ, ಹನ್ನೊಂದು ಒಡೆದವು. ಮರುವರ್ಷದಿಂದ ಪುಟ್ಟಸಿದ್ದಯ್ಯನವರ ಜಟಕಾ. ಪೆಟ್ಟಿಗೆಯ ಕೆಳಗೆ ಹುಲ್ಲು ಹಾಸಿ, ಗುಂಡಿ ಕಂಡಲ್ಲಿ ಕುದುರೆಗೆ ಮೆಲ್ಲಗೆ ಏನೋ ಹೇಳುತ್ತ ಗಾಡಿ ಹೊಡೆಯುತ್ತಿದ್ದರು. ಮುಂದೆ ಒಂದು ಗಾಜಿನ ನಳಿಕೆಯೂ ಬಿರುಕು ಬಿಡಲಿಲ್ಲ.

ಅವರ ಆಗಿನ ಕುದುರೆ ಕೆಂಚಿ. 1958ರ ವಿಜಯದಶಮಿಯಂದು ಯಳಂದೂರು ರಸ್ತೆಯಲ್ಲಿ ಜಟಕಾಗಳ ಓಟ ನಡೆದಾಗ ಗೆದ್ದವಳು ಅವಳೇ. ರಸ್ತೆಯ ಬದಿಯ ಒಂದನೇ ಕಲ್ಲಿನಿಂದ ಆರನೇ ಕಲ್ಲಿಗೆ ಓಟ. ಎರಡು ಗಡಿಯಾರಗಳನ್ನು ಹೊಂದಿಸಿ ಒಂದನ್ನು ಹೆಡ್‌ಮಾಸ್ಟರಿಗೆ ಕೊಟ್ಟು, ಇನ್ನೊಂದನ್ನು ಹಿಡಿದು ನಾನು ಕೊನೆಯಲ್ಲಿ ನಿಂತಿದ್ದೆ. ‘ಕೆಂಚಿ, ಐದು ಕಲ್ಲು, 24 ನಿಮಿಷ’ ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆ.

ಆಮೇಲೆ ಗಾಡಿಗಳು ಕಡಿಮೆಯಾಗಿ ಓಟ ನಿಂತುಹೋಯಿತು. ಕೆಂಚಿ 1966ರಲ್ಲಿ ತೀರಿಕೊಂಡಳು. ಗಾಡಿಗೆ ಅವಳ ಮಗಳು ಬಂದಳು. ಮಗಳಿಗೂ ಒಂದು ಹೆಣ್ಣು ಮರಿಯಾಯಿತು. 1972ರಲ್ಲಿ ಹೊಸ ಹುಡುಗರು ಮತ್ತೆ ಓಟ ಇಟ್ಟರು. ಹಿಂದಿನಂತೆಯೇ ಒಂದರಿಂದ ಆರನೇ ಕಲ್ಲು. ಈ ಸಲ ನಾನು ಹೊರಡುವ ಕಡೆ ನಿಂತಿದ್ದೆ. ಪುಟ್ಟಸಿದ್ದಯ್ಯ ಹನೂರಿಗೆ ಮದುವೆಯವರನ್ನು ಕರೆದೊಯ್ದಿದ್ದರು. ಕೆಂಪನಂಜಪ್ಪನ ಕುದುರೆ ತೂಫಾನು ಹದಿನೈದೇ ನಿಮಿಷದಲ್ಲಿ ಮುಟ್ಟಿತು. ಅದನ್ನೂ ಬರೆದುಕೊಂಡೆ.

ಮರುದಿನ ಗಾಡಿ ನಿಲ್ಲುವ ಜಾಗದಲ್ಲಿ ಕೆಂಪನಂಜಪ್ಪ ಶುರು ಮಾಡಿದ.

“ಪುಟ್ಟಸಿದ್ದಣ್ಣ, ನಿನ್ ಕೆಂಚಿಗೆ ಇಪ್ಪತ್ನಾಕು, ನನ್ ತೂಫಾನಿಗೆ ಹದ್ನೈದು. ಮಿಕ್ಕಿದ್ ಒಂಬತ್ ನಿಮಿಷದಲ್ಲಿ ನಾನು ಕಾಪಿ ಕುಡ್ದು, ಬೀಡಿ ಸೇದಿ, ಕೆಂಚಿ ಎಲ್ ಬತ್ತಾವ್ಳೆ ಅಂತ ಎದ್ದು ನೋಡ್ಬೋದು ಕಣಣ್ಣ!”

ಎಲ್ಲರೂ ನಕ್ಕರು. ಅವನು ಅಲ್ಲೇ ಇದ್ದ ನನ್ನ ಕಡೆ ತಿರುಗಿದ. “ಸುಳ್ಳಾ ಸಾ? ನೀವೇ ಬರ್ಕಂಡಿದ್ದೀರಿ.”

ನಾನು ಪುಸ್ತಕ ತೆರೆದು ನೋಡಿದೆ. ಎರಡು ಸಾಲೂ ಇದ್ದವು. “ಸುಳ್ಳಲ್ಲ” ಎಂದೆ.

ಹದಿನಾಲ್ಕು ವರ್ಷ ಕೆಂಚಿಯಂಥ ಕುದುರೆಯಿಲ್ಲ ಎಂದುಕೊಂಡು ಬಂದಿದ್ದ ಪುಟ್ಟಸಿದ್ದಯ್ಯ ಅಂದಿನಿಂದ ಆ ಹೆಸರೆತ್ತಲಿಲ್ಲ. ತಿಂಗಳು ಕಳೆಯುವುದರೊಳಗೆ, ಮೂರು ವರ್ಷದ ಆ ಮರಿಯನ್ನು ಬೆಟ್ಟದ ದಾರಿಯಲ್ಲಿ ಮೂಟೆ ಹೊರಿಸುವ ಕೌದಳ್ಳಿಯವನಿಗೆ ಕೊಡುವುದೆಂದು ಮಾತು ಕೊಟ್ಟರು. ಅವನು ಸೋಮವಾರ ಬರುವುದಿತ್ತು. ಶನಿವಾರ ನನ್ನ ಪೆಟ್ಟಿಗೆ ಗಾಡಿಗೆ ಏರುತ್ತಿದ್ದಾಗ ಅವರ ಹೆಂಡತಿ ಚಿಕ್ಕಮಾದಮ್ಮ ಹೊರಗೆ ಬಂದರು.

“ಮೇಷ್ಟ್ರೇ, ನೀವಾದ್ರೂ ಒಂದ್ ಮಾತ್ ಏಳಿ. ನನ್ ಕೈಯಾರೆ ರಾಗಿ ಅಂಬ್ಲಿ ಕುಡ್ದು ಬೆಳ್ದ ಮರಿ. ಮೂಟೆ ಒರೋಕೆ ಕೊಡ್ತರಂತೆ.”

“ನಿಧಾನದ ತಳಿ ಸಾ,” ಎಂದರು ಪುಟ್ಟಸಿದ್ದಯ್ಯ, ನನ್ನ ಮುಖ ನೋಡದೆ. “ಯಾರ್ ಅತ್ತಾರು ಇದ್ರ ಗಾಡಿ? ಅಜ್ಜೀನ ನಾನೇ ಅತಿಯಾಗಿ ಒಗಳ್ಕಂಡ್ ತಿರುಗ್ದೆ.”

ನಾನು ಪೆಟ್ಟಿಗೆಯ ಪಕ್ಕದಲ್ಲಿ ಹತ್ತಿ ಕೂತೆ. ಹೊರಟೆವು. ಅರ್ಧ ದಾರಿ ದಾಟಿದ ಮೇಲೆ ಒಂದು ಹೊಂಗೆಮರದ ಕೆಳಗೆ ಅವರು ಗಾಡಿ ನಿಲ್ಲಿಸಿದರು.

“ಇಲ್ಲೇ ಅಲ್ವಾ ಸಾ, ನೀವು ಗಡಿಯಾರ ಇಡ್ಕಂಡ್ ನಿಂತಿದ್ದು? ಇಲ್ಲೇ ಕೆಂಚಿ ಬೆವ್ರು ಒರಸ್ದೆ. ಆ ಕಲ್ಲು ಮಾತ್ರ ಕಾಣೆ.”

ಮರ ಅದೇ. ಕಾಲುವೆಯೂ ಅದೇ. ಸ್ವಲ್ಪ ಹಿಂದೆ ನಾವು ದಾಟಿ ಬಂದ ಕಲ್ಲಿನ ಮೇಲೆ ಒಂಬತ್ತು ಎಂದಿತ್ತು. ಮುಂದೆ ಬಿಳಿಯಾಗಿ ಕಾಣುತ್ತಿದ್ದದ್ದು ಹತ್ತು. ತೂಫಾನು ಗೆದ್ದ ಆರನೇ ಕಲ್ಲು ಎಷ್ಟೋ ಹಿಂದೆ ಉಳಿದಿತ್ತು. ಮಧ್ಯದ ವರ್ಷಗಳಲ್ಲಿ ಸರ್ಕಾರದವರು ಮೈಲಿಕಲ್ಲು ಕಿತ್ತು ಕಿಲೋಮೀಟರಿನ ಕಲ್ಲು ನೆಟ್ಟಿದ್ದರು. ಅದು ಎಲ್ಲರಿಗೂ ಗೊತ್ತಿತ್ತು. ಓಟದವರ ಬಾಯಲ್ಲಿ ಮಾತ್ರ ‘ಐದು ಕಲ್ಲು’ ಹಾಗೆಯೇ ಉಳಿದಿತ್ತು. ಉತ್ತರದಲ್ಲಿ ಗಜವೋ ಮೀಟರೋ ಎಂದು ಬರೆಯದ ಮಕ್ಕಳಿಗೆ ಅರ್ಧ ಅಂಕ ಕಳೆಯುತ್ತಿದ್ದ ನಾನೂ ಹಾಗೆಯೇ ಬರೆದಿದ್ದೆ.

“ಪುಟ್ಟಸಿದ್ದಯ್ಯನವರೇ, ತಪ್ಪು ನನ್ನದು” ಎಂದೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಮಾಡಿದೆ. ಕೆಂಚಿ ಓಡಿದ್ದು ಐದು ಮೈಲಿ, ಅಂದರೆ ಎಂಟು ಕಿಲೋಮೀಟರಿಗೂ ತುಸು ಹೆಚ್ಚು. ತೂಫಾನು ಓಡಿದ್ದು ಐದು ಕಿಲೋಮೀಟರು. ಕಿಲೋಮೀಟರಿಗೆ ತೂಫಾನಿಗೆ ಸರಿಯಾಗಿ ಮೂರು ನಿಮಿಷ. ಕೆಂಚಿಗೆ ಅದಕ್ಕಿಂತ ಒಂದು ಸೆಕೆಂಡು ಕಡಿಮೆ.

“ಅಂಗಾರೆ ಕೆಂಚಿನೇ ಗೆದ್ಲಾ ಸಾ?”

“ನಾನು ಬರೆದದ್ದು ಬರೀ ನಿಮಿಷ, ಇಷ್ಟು ಸಣ್ಣ ವ್ಯತ್ಯಾಸ ಅದರಲ್ಲಿ ಹಿಡಿಯದು. ಸಮ ಅನ್ನಬೇಕು. ಆದರೆ ಕೆಂಚಿ ಓಡಿದ್ದು ಜಲ್ಲಿ ರಸ್ತೆಯಲ್ಲಿ, ಈಗ ಟಾರಿದೆ. ಅದನ್ನೂ ಸೇರಿಸಿದರೆ—”

“ಬ್ಯಾಡ ಸಾ, ತಡೀರಿ.” ಅವರು ಕಣ್ಣು ಒರೆಸಿಕೊಳ್ಳುತ್ತಲೇ ಕೈ ಅಡ್ಡ ಮಾಡಿದರು. “ನಾನು ಕಡ್ಡಿಯಂಗಿದ್ದೆ. ಕೆಂಪನಂಜ ಒಬ್ನೇ ಮೂರಾಳ್ ತೂಕ ಅವ್ನೆ. ಅವನ್ನ ಎಳ್ಕಂಡ್ ಓಡೈತಲ್ಲ, ತೂಫಾನೂ ಒಳ್ಳೇ ಕುದ್ರೆ ಕಣ್ರಿ. ನನ್ ಕೆಂಚಿ ನಿಧಾನಿ ಅಲ್ಲ ಅಂದ್ರಲ್ಲ, ಸಾಕು.”

ತನಗೆ ವಿರುದ್ಧವಾಗುವ ಅಂಶವನ್ನು ತಾನೇ ಲೆಕ್ಕಕ್ಕೆ ಸೇರಿಸುವುದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಆ ಹೊಂಗೆಮರದ ಕೆಳಗೆ. ಅದಕ್ಕಾಗಿ ಅವರಿಗೆ ಇಂದಿಗೂ ಋಣಿ.

ಸಂಜೆ ಹಿಂದಿರುಗಿ, ಗಾಡಿಯವರೆಲ್ಲರ ಎದುರು ನನ್ನ ತಪ್ಪನ್ನು ಹೇಳಿಕೊಂಡೆ. ಕೆಂಪನಂಜಪ್ಪ ತಲೆ ಕೆರೆದುಕೊಂಡ. “ಮುಂದಿನ್ ಸಲ ಮೇಷ್ಟ್ರ ಕೈಗೆ ಗಡಿಯಾರ ಬ್ಯಾಡ ಕಣ್ರಲಾ, ಅಳೆಯಕ್ಕೊಂದು ಅಗ್ಗ ಕೊಡಿ!” ಎಂದು ತಾನೇ ಮೊದಲು ನಕ್ಕ. ಆಮೇಲೆ ಪುಟ್ಟಸಿದ್ದಯ್ಯನವರ ಪಕ್ಕಕ್ಕೆ ಹೋಗಿ ಕೂತು ಬೀಡಿ ಕೊಟ್ಟ.

ಸೋಮವಾರ ಬಂದ ಕೌದಳ್ಳಿಯವನಿಗೆ ಚಿಕ್ಕಮಾದಮ್ಮ ಕಾಫಿ ಕೊಟ್ಟು, ಮರಿ ಇಲ್ಲೇ ಇರುತ್ತದೆ ಎಂದು ಹೇಳಿ ಕಳಿಸಿದರು.

ಮರುವರ್ಷ ನವೆಂಬರಿನಲ್ಲಿ ಗಾಡಿಗೆ ಕಟ್ಟಿದ್ದು ಅದೇ ಮರಿಯನ್ನು. ಯಳಂದೂರು ಶಾಲೆಯ ಮುಂದೆ ಇಳಿದಾಗ ಪುಟ್ಟಸಿದ್ದಯ್ಯ, “ಎಷ್ಟೊತ್ತಾಯ್ತು ಸಾ?” ಎಂದರು. ನಾನು ಗಡಿಯಾರ ನೋಡುವುದನ್ನೇ ಮರೆತಿದ್ದೆ. ಪೆಟ್ಟಿಗೆ ತೆರೆದು ಒಂದೊಂದೇ ಎಣಿಸಿ, ಪುಸ್ತಕದಲ್ಲಿ ಬರೆದೆ: ‘ಕೆಂಚಿಯ ಮೊಮ್ಮಗಳು. ಹದಿನೈದು ಕಿಲೋಮೀಟರು. ಒಡೆದದ್ದು ಯಾವುದೂ ಇಲ್ಲ.’